ದೂಧಸಾಗರಕ್ಕೆ ಹೊರಡುವ ಮುನ್ನ ಘಟ್ಟದ ಮೇಲಿನ ಮಳೆ ನೋಡಿ

ಜುಲೈ ಬಂತೆಂದರೆ ವಾಸ್ಕೊದ ನಮ್ಮ ಮನೆಗೆ ಗದಗಿನಿಂದ ಅಕ್ಕನ ಫೋನ್ ಬರುತ್ತದೆ. ‘ತಮ್ಮಾ, ಈ ಭಾನುವಾರ ಬರುತ್ತೇವೆ, ದೂಧಸಾಗರ ತೋರಿಸು.’ ಮೊಬೈಲ್‌ನಲ್ಲಿ ಹಾಲು ಸುರಿದಂತೆ ಕಾಣುವ ಜಲಪಾತವನ್ನು ನೋಡಿ ಕುಣಿಯುತ್ತಿರುವವಳಿಗೆ, ಅದು ಮೈದುಂಬಿದ ತಿಂಗಳಲ್ಲೇ ಅದರ ಬುಡಕ್ಕೆ ಹೋಗುವ ದಾರಿ ಬಂದ್ ಆಗಿರುತ್ತದೆ ಎಂದು ಹೇಳಿದರೆ ನಂಬುವುದಿಲ್ಲ. ತಮ್ಮ ಬರಬೇಡ ಎನ್ನುತ್ತಿದ್ದಾನೆ ಎಂದುಕೊಳ್ಳುತ್ತಾಳೆ.

ಆದ್ದರಿಂದ ಮೊದಲು ಏನು ನೋಡಬೇಕು ಎಂಬುದನ್ನು ನಿಶ್ಚಯಿಸಿ, ತಿಂಗಳನ್ನು ಆಮೇಲೆ ಆರಿಸಿ. ದೂಧಸಾಗರ ಇರುವುದು ಗೋವಾದ ಮೊಲೆಂ ಕಾಡಿನಲ್ಲಿ. ಮೊಲೆಂ ರಾಷ್ಟ್ರೀಯ ಉದ್ಯಾನ 107 ಚದರ ಕಿಲೋಮೀಟರ್, ಸುತ್ತಲಿನ ಭಗವಾನ್ ಮಹಾವೀರ ಅಭಯಾರಣ್ಯವೂ ಸೇರಿದರೆ 240. ಈ ಸಹ್ಯಾದ್ರಿ ಕಾಡು ಆಷಾಢದಲ್ಲಿ ಒಂದು, ಕಾರ್ತಿಕದಲ್ಲಿ ಇನ್ನೊಂದು, ಚೈತ್ರದಲ್ಲಿ ಮತ್ತೊಂದು.

ಜಲಪಾತವೇ ಬೇಕೆನ್ನುವವರಿಗೆ ನಾನು ಹೇಳುವುದು ಒಂದೇ: ಚಿತ್ತಾ ಮಳೆ ಮುಗಿದು ಸ್ವಾತಿ ಹುಟ್ಟುವ ಅಕ್ಟೋಬರ್ ಕೊನೆಯ ವಾರದಿಂದ ನವೆಂಬರ್ ಮುಗಿಯುವವರೆಗೆ ಬನ್ನಿ. ಸುಮಾರು 310 ಮೀಟರ್ ಎತ್ತರದ ಧಾರೆಯಲ್ಲಿ ಆಗಲೂ ತುಂಬು ನೀರು ಇರುತ್ತದೆ. ಕುಳೆ ಎಂಬ ಊರಿನಿಂದ ಕಾಡಿನೊಳಗೆ ಜಲಪಾತದ ಕಡೆಗೆ ಹೋಗುವ ಜೀಪುಗಳು ಸಾಮಾನ್ಯವಾಗಿ ಅಕ್ಟೋಬರ್‌ನಿಂದ ಮೇವರೆಗೆ ಓಡುತ್ತವೆ. ದಾರಿಯಲ್ಲಿ ಹಳ್ಳಗಳನ್ನು ನೀರಿನಲ್ಲೇ ದಾಟಬೇಕು, ಅದಕ್ಕೇ ಮಳೆಗಾಲದಲ್ಲಿ ನಿಲ್ಲಿಸುತ್ತಾರೆ. ವಾಸ್ಕೊದಿಂದ ಕುಳೆಗೆ ಪ್ಯಾಸೆಂಜರ್ ರೈಲು ಉಂಟು. ದೀಪಾವಳಿ ರಜೆ ಮತ್ತು ಶನಿವಾರ, ಭಾನುವಾರಗಳನ್ನು ಬಿಟ್ಟು ಬಂದರೆ ಜೀಪಿನ ಸರದಿಯಲ್ಲಿ ಅರ್ಧ ದಿನ ಕಳೆಯಬೇಕಾಗಿಲ್ಲ.

ಇನ್ನು ಹವಾಮಾನ. ಇಲ್ಲಿ ನಾನೇ ಪೆಟ್ಟು ತಿಂದಿದ್ದೇನೆ. ಒಂದು ಅಕ್ಟೋಬರ್ ಬೆಳಿಗ್ಗೆ ವಾಸ್ಕೊದಲ್ಲಿ ಚುರುಕು ಬಿಸಿಲು, ಕುಳೆಯಲ್ಲೂ ಮೋಡವಿರಲಿಲ್ಲ. ಮಧ್ಯಾಹ್ನ ಹಳ್ಳದ ನಡುವಿನ ಬಂಡೆಯ ಮೇಲೆ ಭಾವನೂ ನಾನೂ ಚಪ್ಪಲಿ ಕಳಚಿಟ್ಟು ರೊಟ್ಟಿಯ ಗಂಟು ಬಿಚ್ಚಿದ್ದೆವು. ತಳದ ಉರುಟುಗಲ್ಲು ಎಣಿಸುವಷ್ಟು ತಿಳಿಯಾಗಿದ್ದ ನೀರು ನೋಡುತ್ತಿದ್ದಂತೆ ಚಹಾ ಬಣ್ಣಕ್ಕೆ ತಿರುಗಿತು. ಒಣ ಎಲೆ, ಕಡ್ಡಿ ತೇಲಿ ಬಂದವು. ದಡದಿಂದ ಜೀಪಿನ ಚಾಲಕ ಕೈಬೀಸಿ ಕೂಗಿದ. ಎದ್ದು ಓಡಿದೆವು. ಕಾಲು ಗಂಟೆಯಲ್ಲಿ ಆ ಬಂಡೆ ಕಾಣಲಿಲ್ಲ. ಭಾವನ ಒಂದು ಚಪ್ಪಲಿಯೂ ಕಾಣಲಿಲ್ಲ.

ನಮ್ಮ ತಲೆಯ ಮೇಲೆ ಒಂದು ಹನಿಯೂ ಬಿದ್ದಿರಲಿಲ್ಲ. ಈ ನೀರು ಇಳಿದು ಬರುವುದು ಘಟ್ಟದ ಮೇಲಿನಿಂದ, ಕ್ಯಾಸಲ್‌ರಾಕ್ ಕಡೆಯಿಂದ. ಅದು ನಮ್ಮ ಉತ್ತರ ಕನ್ನಡದ ಜೋಯಿಡಾ ತಾಲ್ಲೂಕು. ಹಾಗಾಗಿ ಹವಾಮಾನ ಇಲಾಖೆಯ ಮುನ್ಸೂಚನೆ ನೋಡುವಾಗ ದಕ್ಷಿಣ ಗೋವಾದ ಜೊತೆಗೆ ಉತ್ತರ ಕನ್ನಡವನ್ನೂ ನೋಡಿ. 24 ಗಂಟೆಯಲ್ಲಿ 64.5 ಮಿಲಿಮೀಟರ್ ದಾಟಿದರೆ ಇಲಾಖೆಯ ಭಾಷೆಯಲ್ಲಿ ಅದು ‘ಭಾರಿ’ ಮಳೆ, 115.6ರಿಂದ ‘ಅತಿ ಭಾರಿ’. ಎರಡರಲ್ಲಿ ಒಂದು ಜಿಲ್ಲೆಗೆ ಕಿತ್ತಳೆ ಅಥವಾ ಕೆಂಪು ಎಚ್ಚರಿಕೆ ಇದ್ದರೂ ಪ್ರವಾಸ ಮುಂದಕ್ಕೆ ಹಾಕಿ. ಹಿಂಗಾರಿನ ಗುಡುಗು ಮಳೆ ಹೆಚ್ಚಾಗಿ ಮಧ್ಯಾಹ್ನದ ಮೇಲೆ ಬರುವುದರಿಂದ ಬೆಳಗಿನ ಜೀಪನ್ನೇ ಹಿಡಿಯಿರಿ. ಸಿಡಿಲಿನ ಸೂಚನೆಗೆ ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆ ರೂಪಿಸಿದ ‘ದಾಮಿನಿ’ ಆ್ಯಪ್ ಮೊಬೈಲ್‌ನಲ್ಲಿ ಇರಲಿ. ಕಾಡಿನೊಳಗೆ ಸಿಗ್ನಲ್ ನೆಚ್ಚಬೇಡಿ, ಹೊರಡುವ ಮೊದಲೇ ನೋಡಿಕೊಳ್ಳಿ.

ಮಳೆಗಾಲದಲ್ಲೇ ನೋಡಬೇಕೆಂಬ ಹಟವಿದ್ದರೆ ಹುಬ್ಬಳ್ಳಿ ಕಡೆಯಿಂದ ಹಗಲು ಹೊತ್ತಿನಲ್ಲಿ ಘಟ್ಟ ಇಳಿಯುವ ರೈಲು ಹಿಡಿದು ಕಿಟಕಿಯಿಂದ ನೋಡಿ. ಹಳಿಯ ಸೇತುವೆ ಜಲಪಾತದ ಎದುರೇ ಹಾದುಹೋಗುತ್ತದೆ. 37 ಅಡಿಗೆ ಒಂದು ಅಡಿಯ ಇಳಿಜಾರಾದ್ದರಿಂದ ಗಾಡಿ ನಿಧಾನವಾಗಿಯೇ ಸಾಗುತ್ತದೆ, ಕಣ್ತುಂಬ ನೋಡಬಹುದು. ಇಳಿಯುವುದು ಬೇಡ. 2023ರ ಜುಲೈನಲ್ಲಿ ಹಳಿಯ ಮೇಲೆ ನಡೆದು ಬಂದವರಿಗೆ ಪೊಲೀಸರು ಬಸ್ಕಿ ಹೊಡೆಸಿದ ವಿಡಿಯೊವನ್ನೂ ಅಕ್ಕ ನೋಡಿದ್ದಾಳೆ, ಆದರೆ ಅದು ಬೇರೆಯವರಿಗೆ ಎಂದು ಅವಳ ಎಣಿಕೆ.

ಮಾರ್ಚ್, ಏಪ್ರಿಲ್‌ನಲ್ಲಿ ಧಾರೆ ಹಗ್ಗದಷ್ಟು ಸಣ್ಣದಾಗುತ್ತದೆ. ಎಲೆ ಉದುರಿ ಕಾಡು ಬಯಲಾಗುವ ಕಾಲವಾದ್ದರಿಂದ ಕಾಟಿ (ಕಾಡುಕೋಣ), ಮಂಗಟ್ಟೆ ಹಕ್ಕಿ ಕಣ್ಣಿಗೆ ಬೀಳುವ ಸಂಭವ ಹೆಚ್ಚು. ನಸುಕಿನಲ್ಲೇ ಮೊಲೆಂ ತಲುಪಬೇಕು, ಹತ್ತು ಗಂಟೆಯ ನಂತರ ಸೆಕೆ ಬಿಟ್ಟರೆ ಏನೂ ಸಿಗುವುದಿಲ್ಲ.

ಯಾವ ತಿಂಗಳಲ್ಲಿ ಬಂದರೂ, ಜೀಪು ಸಿಗದೆ ಹೋದರೂ, ಮೊಲೆಂನಿಂದ ರಸ್ತೆಯಲ್ಲೇ ಹೋಗಬಹುದಾದ ತಾಂಬಡಿ ಸುರ್ಲಾದ ಮಹಾದೇವ ಗುಡಿಯನ್ನು ತಪ್ಪಿಸಬೇಡಿ. ಕದಂಬರ ಕಾಲದ ಕರಿಕಲ್ಲಿನ ಗುಡಿ, ಪಕ್ಕದಲ್ಲೇ ಹೊಳೆ. ಮಳೆಗಾಲದಲ್ಲಿ ಹೋದರೆ ಚೀಟಿಯಲ್ಲಿ ಉಪ್ಪು ಕಟ್ಟಿಕೊಳ್ಳಿ, ಹುಲ್ಲಿನಲ್ಲಿ ಇಂಬಳಗಳು ಕಾದಿರುತ್ತವೆ.