‘ದೀವಾ’ ಚಿತ್ರದ ಸಂಗೀತ ಕೇಳುವುದು ಹೇಗೆ? ಮುಂಬಯಿಯ ಗದ್ದಲದಲ್ಲಿ ಇರುವವರಿಗೆ

ಮೊದಲೇ ಹೇಳಿಬಿಡುತ್ತೇನೆ, ಇದನ್ನು ಬೆಳಗಿನ ರಶ್‌ನಲ್ಲಿ ಡೊಂಬಿವಲಿ ಲೋಕಲ್‌ನಲ್ಲಿ ನಿಂತುಕೊಂಡು ಕೇಳಬೇಡಿ. ಮೆಲ್ಲಗಿನ ಭಾಗ ಗಾಡಿಯ ಸದ್ದಿನಲ್ಲಿ ಮುಳುಗಿಹೋಗುತ್ತದೆ, ನೀವು ವಾಲ್ಯೂಮ್ ಏರಿಸುತ್ತೀರಿ, ಅಷ್ಟರಲ್ಲಿ ಗಾಯಕಿ ಮೇಲಿನ ಸ್ವರಕ್ಕೆ ಹೋಗಿ ಕಿವಿ ನೋಯುತ್ತದೆ. ಆಮೇಲೆ ‘ಆಪೆರಾ ಅಂದ್ರೆ ಕಿರುಚಾಟ’ ಅಂತ, ಹಾಡಿನಲ್ಲೇ ಕಥೆ ನಡೆಸುವ ಆ ಪಾಶ್ಚಾತ್ಯ ಸಂಗೀತ ನಾಟಕದ ಬಗ್ಗೆ ತೀರ್ಮಾನ ಮಾಡಿಬಿಡುತ್ತೀರಿ. ತಪ್ಪು ಹಾಡಿನದ್ದಲ್ಲ, ಕೇಳಿದ ಜಾಗದ್ದು.

‘ದೀವಾ’ 1981ರ ಫ್ರೆಂಚ್ ಸಿನಿಮಾ. ನಿರ್ದೇಶನ ಜಾನ್-ಜಾಕ್ ಬೆನೆಕ್ಸ್, ಸಂಗೀತ ವ್ಲಾದಿಮಿರ್ ಕೋಸ್ಮಾ. ಪ್ಯಾರಿಸ್‌ನ ಒಬ್ಬ ಪೋಸ್ಟ್‌ಮ್ಯಾನ್ ಹುಡುಗನಿಗೆ ಒಬ್ಬ ಆಪೆರಾ ಗಾಯಕಿ ಅಂದರೆ ಪ್ರಾಣ. ಆಕೆ ಮಾತ್ರ ತನ್ನ ಹಾಡನ್ನು ಯಾರಿಗೂ ರೆಕಾರ್ಡ್ ಮಾಡಲು ಬಿಡುವುದಿಲ್ಲ. ಇವನು ಆಕೆಯ ಸಂಗೀತ ಕಛೇರಿಯಲ್ಲಿ ಕೂತು ಕದ್ದು ರೆಕಾರ್ಡ್ ಮಾಡುತ್ತಾನೆ. ಅಲ್ಲಿಂದ ಕಥೆ ಓಡುತ್ತದೆ. ಸಂಗೀತಕ್ಕೆ ಫ್ರೆಂಚ್ ಸಿನಿಮಾದ ಸೆಸಾರ್ ಪ್ರಶಸ್ತಿಯೂ ಬಂತು. ಆದರೆ ನಲವತ್ತು ವರ್ಷ ದಾಟಿದರೂ ಜನ ಈ ಆಲ್ಬಂ ಹುಡುಕಿಕೊಂಡು ಹೋಗುವುದು ಪ್ರಶಸ್ತಿಗಾಗಿ ಅಲ್ಲ. ಅದರಲ್ಲಿ ಒಂದು ದೊಡ್ಡ ಆಪೆರಾ ಹಾಡಿದೆ, ಅದರ ಸುತ್ತ ಬೇಕಾದಷ್ಟು ಖಾಲಿ ಜಾಗ ಇದೆ. ಈ ಖಾಲಿ ಜಾಗ ಕೇಳಿಸಿದರೆ ಅರ್ಧ ಕೆಲಸ ಮುಗಿದ ಹಾಗೆ.

ಆದ್ದರಿಂದ ಶುರು ಮಾಡುವುದು ಆಪೆರಾದಿಂದ ಅಲ್ಲ, ‘ಪ್ರೊಮೆನಾದ್ ಸಾಂಟಿಮಾಂತಾಲ್’ ಎಂಬ ಪಿಯಾನೋ ತುಣುಕಿನಿಂದ. ಸಿನಿಮಾದಲ್ಲಿ ಹುಡುಗನೂ ಗಾಯಕಿಯೂ ಪ್ಯಾರಿಸ್‌ನಲ್ಲಿ ಸುಮ್ನೆ ನಡೆದಾಡುವಾಗ ಇದು ಬರುತ್ತದೆ. ಕೆಲವೇ ಸ್ವರ, ನಿಧಾನ, ನಡುವೆ ಧಾರಾಳ ಬಿಡುವು. 1888ರ ಹೊತ್ತಿಗೆ ಫ್ರೆಂಚ್ ಸಂಗೀತಗಾರ ಎರಿಕ್ ಸಾಟಿ ಬರೆದ ಪಿಯಾನೋ ತುಣುಕುಗಳ ನೆರಳು ಇದರ ಮೇಲೆ ಚೆನ್ನಾಗಿಯೇ ಬಿದ್ದಿದೆ. ಇದು ನಡಿಗೆಗೆ ಮಾಡಿದ ಸಂಗೀತ, ಹಾಗಾಗಿ ನಡೆಯುತ್ತಲೇ ಕೇಳಿ. ಮರೀನ್ ಡ್ರೈವ್‌ನಲ್ಲಿ ಬೆಳಕು ಹರಿಯುವ ಮುಂಚೆ, ನರಿಮನ್ ಪಾಯಿಂಟ್ ಕಡೆಯ ತುದಿಯಿಂದ ಹೊರಡಿ. ವಾಲ್ಯೂಮ್ ಕಡಿಮೆ ಇರಲಿ. ಸಮುದ್ರದ ಸದ್ದು ಒಳಗೆ ಬಂದರೆ ಬರಲಿ, ಮಳೆ ಇದ್ದರೆ ಇನ್ನೂ ಒಳ್ಳೆಯದು. ಸುತ್ತಲಿನ ವಾತಾವರಣದಲ್ಲಿ ಬೆರೆತುಹೋಗುವ ಆಂಬಿಯಂಟ್ ಸಂಗೀತದ ಗುಣವೇ ಅದು, ಹೊರಗಿನ ಸದ್ದಿನ ಜೊತೆ ಅದು ಜಗಳಕ್ಕೆ ನಿಲ್ಲುವುದಿಲ್ಲ.

ಆ ಆಪೆರಾ ಹಾಡಿಗೆ ಮಾತ್ರ ಈ ರಿಯಾಯಿತಿ ಇಲ್ಲ. ಅದನ್ನು ರಾತ್ರಿ ಮನೆಯಲ್ಲೇ ಕೇಳಿ, ಬಿಲ್ಡಿಂಗಿನ ನೀರಿನ ಪಂಪ್ ನಿಂತ ಮೇಲೆ. ಸೀಲಿಂಗ್ ಫ್ಯಾನ್ ಆಫ್ ಮಾಡಿ, ಮೇ ತಿಂಗಳಾದರೂ ಸರಿ, ನಾಲ್ಕು ನಿಮಿಷ ಬೆವರಿದರೆ ಏನೂ ಆಗುವುದಿಲ್ಲ. ಫೋನಿನಲ್ಲಿ ಶಫಲ್, ಕ್ರಾಸ್‌ಫೇಡ್ (ಒಂದು ಹಾಡಿನ ಕೊನೆಯನ್ನು ಮುಂದಿನದರ ಶುರುವಿಗೆ ಬೆರೆಸುವುದು), ಬಾಸ್ ಬೂಸ್ಟ್ ಎಲ್ಲ ತೆಗೆದುಬಿಡಿ. ಎಲ್ಲ ಹಾಡನ್ನೂ ಒಂದೇ ಮಟ್ಟಕ್ಕೆ ತರುವ ವಾಲ್ಯೂಮ್ ಸೆಟ್ಟಿಂಗ್ ಇದ್ದರೆ ಅದೂ ಬೇಡ. ಪೂರ್ತಿ ಆರ್ಕೆಸ್ಟ್ರಾ ತುಂಬಿ ಬರುವ ಜಾಗಕ್ಕೆ ವಾಲ್ಯೂಮ್ ಹೊಂದಿಸಿಕೊಂಡು, ಆಮೇಲೆ ಮೊದಲಿಂದ ಹಾಕಿ. ಶುರುವಿನಲ್ಲಿ ತೀರಾ ಮೆಲ್ಲಗೆ ಅನ್ನಿಸುತ್ತದೆ. ಮುಟ್ಟಬೇಡಿ.

ಈ ಹಾಡು ಇಟಲಿಯ ಆಲ್ಫ್ರೆದೊ ಕತಲಾನಿ ಬರೆದ ‘ಲಾ ವಾಲ್ಲಿ’ ಆಪೆರಾದ್ದು. 1892ರಲ್ಲಿ ಮಿಲಾನ್‌ನ ಲಾ ಸ್ಕಾಲಾದಲ್ಲಿ ಮೊದಲ ಪ್ರದರ್ಶನ. ಬೆಟ್ಟದ ಊರಿನ ಹುಡುಗಿ ವಾಲ್ಲಿ. ತಾನು ಹೇಳಿದವನನ್ನು ಮದುವೆಯಾಗು, ಇಲ್ಲಾಂದ್ರೆ ಮನೆ ಬಿಡು ಅನ್ನುತ್ತಾನೆ ಅಪ್ಪ. ಅವಳು ಬಿಡುತ್ತೇನೆ ಅನ್ನುತ್ತಾಳೆ. ಗಂಟೆಯ ಮಾರ್ದನಿ ಹೋದ ಹಾಗೆ ದೂರ, ಬಿಳಿ ಹಿಮದ ನಡುವೆ, ಚಿನ್ನದ ಮೋಡಗಳ ನಡುವೆ ಒಬ್ಬಳೇ ಹೋಗುತ್ತೇನೆ ಅಂತ. ಅಳು ಇಲ್ಲ, ಶಾಪ ಇಲ್ಲ. ಊರು ಬಿಟ್ಟು ಈ ಶಹರಕ್ಕೆ ಬಂದ ನಮ್ಮ ಜನಕ್ಕೆ ಇದನ್ನು ಜಾಸ್ತಿ ಬಿಡಿಸಿ ಹೇಳಬೇಕಾಗಿಲ್ಲ ಅಲ್ವಾ?

ಭೀಮಸೇನ ಜೋಶಿ, ಮನ್ಸೂರರನ್ನು ಕೇಳಿ ಬೆಳೆದ ಕಿವಿಗೆ ಇಲ್ಲಿ ಎರಡು ತೊಡಕು ಬರುತ್ತವೆ. ಒಂದು, ಷಡ್ಜ ಹಿಡಿದು ನಿಲ್ಲುವ ತಂಬೂರಿ ಇಲ್ಲ. ಅಡಿಯ ಸ್ವರಗಳು ಸರಿಯುತ್ತಲೇ ಇರುತ್ತವೆ. ಆಕೆ ಒಂದೇ ಸ್ವರದಲ್ಲಿ ನಿಂತಾಗ ಕೆಳಗಿನ ತಂತಿವಾದ್ಯಗಳಿಗೆ ಕಿವಿ ಕೊಡಿ. ನೆಲ ಬದಲಾಗುತ್ತಾ ಹೋದ ಹಾಗೆ ಅದೇ ಸ್ವರದ ಭಾವವೂ ಬದಲಾಗುತ್ತದೆ. ಇನ್ನೊಂದು, ದನಿಯ ಕಂಪನ. ಅದನ್ನು ಗಮಕ ಅಂದುಕೊಂಡು ಅಳೆಯಬೇಡಿ, ಅದು ಒಂದು ಸ್ವರದಿಂದ ಇನ್ನೊಂದಕ್ಕೆ ಹೋಗುವ ದಾರಿಯಲ್ಲ, ದನಿಯ ಬಣ್ಣ ಅಷ್ಟೆ. ಲಯವೂ ಗಾಯಕಿಯ ಉಸಿರಿನ ಜೊತೆ ಹಿಗ್ಗುತ್ತದೆ, ತಾಳ ಹಾಕಲು ಹೋಗಬೇಡಿ. ಹಿಂದೂಸ್ತಾನಿ ಬಿಟ್ಟು ಬೇರೇನೂ ಕೇಳದ ನಮ್ಮ ಚಿಕ್ಕಮ್ಮನಿಗೆ ಇಷ್ಟೇ ಹೇಳಿ ಕೇಳಿಸಿದೆ. ಮುಗಿದ ಮೇಲೆ ಅವರು ಹೇಳಿದ್ದು, ‘ಇನ್ನೊಂದ್ಸಲ ಹಾಕು, ಆ ಕಿಟಕಿ ಮುಚ್ಚಿ.’

ಸಿನಿಮಾದಲ್ಲಿ ಹಾಡಿದ್ದೂ ನಟಿಸಿದ್ದೂ ಅಮೆರಿಕದ ವಿಲ್ಹೆಲ್ಮೀನಿಯಾ ಫರ್ನಾಂಡೆಜ್. ನಿಜವಾದ ಆಪೆರಾ ಗಾಯಕಿ. ಹೋಲಿಸಬೇಕು ಅನ್ನಿಸಿದರೆ ಇದೇ ಹಾಡನ್ನು ಆಪೆರಾ ಗಾಯಕಿ ಮರಿಯಾ ಕಲಾಸ್ 1954ರಲ್ಲಿ ಹಾಡಿದ್ದು ಕೇಳಿ. ಕಲಾಸ್ ಹಾಡುವಾಗ ವಾಲ್ಲಿ ಎದುರಿಗೇ ನಿಂತಿದ್ದಾಳೆ, ಗಾಯ ಕಾಣುತ್ತದೆ. ಫರ್ನಾಂಡೆಜ್ ದನಿಯಲ್ಲಿ ಅವಳು ಆಗಲೇ ಹೊರಟಾಗಿದೆ. ದೊಡ್ಡ ಗಾಯಕಿ ಕಲಾಸ್, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಪಿಯಾನೋದ ಪಕ್ಕದಲ್ಲಿ ಇಡಲು ನನಗೆ ಫರ್ನಾಂಡೆಜ್ ಅವರೇ ಬೇಕು.

ಉಳಿದ ತುಣುಕುಗಳಲ್ಲಿ ಬೆನ್ನಟ್ಟುವ ದೃಶ್ಯದ್ದು ಆ ಕಾಲದ ವಾಸನೆ ಹೊಡೆಯುತ್ತದೆ, ಬಿಟ್ಟರೂ ನಡೆಯುತ್ತದೆ. ಹಾಡು ಹಿಡಿಸಿತು ಅಂತ ಮರುದಿನವೇ ‘ಲಾ ವಾಲ್ಲಿ’ ಪೂರ್ತಿ ಕೇಳಲು ಕೂರಬೇಡಿ, ಸುಸ್ತಾಗುತ್ತೀರಿ. ಅದಕ್ಕಿಂತ ಬ್ರಯನ್ ಈನೋ 1978ರಲ್ಲಿ ವಿಮಾನ ನಿಲ್ದಾಣಗಳಿಗೆ ಅಂತ ಮಾಡಿದ ಆಂಬಿಯಂಟ್ ಆಲ್ಬಂ ಕೇಳಿ, ಆಮೇಲೆ ಸಿನಿಮಾ ನೋಡಿ. ಅದರ ಕೊನೆಯ ದೃಶ್ಯ ಏನು ಅಂತ ಯಾರನ್ನೂ ಕೇಳಬೇಡಿ.

ಇನ್ನು ಮೈಕ್ ಇಲ್ಲದ ದನಿ. ಇದು ಹೆಡ್‌ಫೋನ್‌ನಲ್ಲಿ ಎಂದೂ ಸಿಗುವುದಿಲ್ಲ. ಚರ್ನಿ ರೋಡ್ ಹತ್ತಿರದ ರಾಯಲ್ ಆಪೆರಾ ಹೌಸ್ 1993ರಲ್ಲಿ ಮುಚ್ಚಿ 2016ರಲ್ಲಿ ಮತ್ತೆ ತೆರೆಯಿತು. ನರಿಮನ್ ಪಾಯಿಂಟ್‌ನ ಎನ್‌ಸಿಪಿಎ ಎಂಬ ಪ್ರದರ್ಶನ ಕಲೆಗಳ ಕೇಂದ್ರದಲ್ಲಿ ಸಿಂಫನಿ ಆರ್ಕೆಸ್ಟ್ರಾ ಆಫ್ ಇಂಡಿಯಾ ಇದೆ. ಸೊಪ್ರಾನೋ, ಅಂದರೆ ಎತ್ತರದ ದನಿಯ ಗಾಯಕಿ, ಹಾಡುವ ಕಾರ್ಯಕ್ರಮ ಇದ್ದಾಗ ಹೋಗಿ, ಮೈಕ್ ಇಲ್ಲ ಅಂತ ಖಾತ್ರಿ ಮಾಡಿಕೊಂಡು ಬಾಲ್ಕನಿಯ ಹಿಂದಿನ ಸಾಲು ತೆಗೆದುಕೊಳ್ಳಿ. ದನಿ ಅಷ್ಟು ದೂರ ಹೇಗೆ ಬರುತ್ತದೆ ಅಂತ ಅಲ್ಲಿ ಕೂತವರಿಗೇ ಗೊತ್ತಾಗುವುದು.