ಎರಡನೇ ಸಲ ಸರ್ವರ್ ಹುಡುಕಿದಾಗ

2022ರ ನವೆಂಬರ್. ಟ್ವಿಟರ್ ಮಸ್ಕ್ ಕೈಗೆ ಹೋಗಿ ಒಂದೆರಡು ವಾರ ಆಗಿತ್ತು, ನನ್ನ ಟೈಮ್‌ಲೈನ್‌ನಲ್ಲಿ ದಿನಕ್ಕೊಬ್ಬರು ಗಂಟುಮೂಟೆ ಕಟ್ಟುತ್ತಿದ್ದರು, ನಾನೂ ಮಾಸ್ಟೊಡಾನ್‌ಗೆ ಹೊರಟೆ. ಇದೂ ಟ್ವಿಟರ್ ಥರದ್ದೇ, ಆದರೆ ಒಂದೇ ಕಂಪನಿಯದ್ದಲ್ಲ: ಬೇರೆ ಬೇರೆಯವರು ನಡೆಸುವ ಸರ್ವರ್‌ಗಳು ಒಂದಕ್ಕೊಂದು ಮಾತಾಡುತ್ತವೆ, ನಾವು ಯಾವುದಾದರೂ ಒಂದರಲ್ಲಿ ಖಾತೆ ತೆರೆಯಬೇಕು. ಹೆಸರು ಚೆನ್ನಾಗಿದೆ ಅಂತ ಸುಮ್ನೆ ಒಂದು ಪುಟ್ಟ ಸರ್ವರ್ ಸೇರಿಕೊಂಡೆ.

ಅದನ್ನು ನಡೆಸುತ್ತಿದ್ದವರು ಒಬ್ಬರೇ. ಕೆಲವು ತಿಂಗಳು ಚೆನ್ನಾಗೇ ಇತ್ತು. ಒಂದು ಬೆಳಗ್ಗೆ ನೋಡಿದರೆ ಸರ್ವರ್ ತೆರೆಯುತ್ತಲೇ ಇಲ್ಲ. ವಾರ ಕಾದೆ. ಊಹೂಂ. ಬೇರೆ ಸರ್ವರ್‌ಗೆ ಹೋದರೆ ಫಾಲೋವರ್‌ಗಳೂ ಜೊತೆಗೆ ಬರುತ್ತಾರೆ ಅಂತ ಕೇಳಿದ್ದೆ. ಬರುತ್ತಾರೆ, ಆದರೆ ಹಳೇ ಸರ್ವರ್ ಬದುಕಿರಬೇಕು. ‘ಇವರು ಇಲ್ಲಿಗೆ ಹೋದರು’ ಅಂತ ಉಳಿದ ಸರ್ವರ್‌ಗಳಿಗೆ ಹೇಳುವುದು ಅದೇ ಅಲ್ವಾ? ನಾನು ಫಾಲೋ ಮಾಡುತ್ತಿದ್ದವರ ಪಟ್ಟಿಯನ್ನೂ ಇಳಿಸಿಕೊಂಡಿರಲಿಲ್ಲ. ಕೈಗೆ ಚಿಪ್ಪು.

ಎರಡನೇ ಸಲ ಹೆಸರು ನೋಡಲಿಲ್ಲ, ಓನರ್ ಯಾರು ಅಂತ ನೋಡಿದೆ. ಪ್ರತಿ ಸರ್ವರ್‌ಗೂ ಒಂದು ‘ಅಬೌಟ್’ ಪುಟ ಇರುತ್ತದೆ. ಖರ್ಚು ಯಾರು ಕೊಡುತ್ತಾರೆ, ಅಡ್ಮಿನ್‌ಗೆ ಜ್ವರ ಬಂದರೆ ಬೇರೆ ಯಾರ ಹತ್ತಿರ ಕೀಲಿ ಇದೆ, ಇದನ್ನು ಬರೆದಿದ್ದಾರಾ? ಮಾಸ್ಟೊಡಾನ್‌ನವರ ಅಧಿಕೃತ ಸರ್ವರ್ ಪಟ್ಟಿಗೆ ಸೇರಬೇಕಾದರೆ ದಿನಾ ಬ್ಯಾಕಪ್ ತೆಗೆಯಬೇಕು, ತುರ್ತಿಗೆ ಇನ್ನೊಬ್ಬರಿಗೆ ಪ್ರವೇಶ ಇರಬೇಕು, ಮುಚ್ಚುವುದಾದರೆ 3 ತಿಂಗಳು ಮೊದಲೇ ಹೇಳಬೇಕು. ಮಾತು ಕೊಟ್ಟವರೆಲ್ಲ ಉಳಿಸಿಕೊಳ್ಳುತ್ತಾರೆ ಅಂತಲ್ಲ, ಆದರೂ ನನ್ನ ಜರಡಿ ಅಲ್ಲಿಂದಲೇ ಶುರುವಾಯಿತು.

ಅದೇ ಪುಟದಲ್ಲಿ ಯಾವ್ಯಾವ ಸರ್ವರ್‌ಗಳನ್ನು ಬ್ಲಾಕ್ ಮಾಡಿದ್ದಾರೆ ಅನ್ನುವ ಪಟ್ಟಿಯೂ ಇರಬಹುದು. ಅದನ್ನು ಕೂತು ಓದಿದೆ. ಒಂದು ಕಡೆ ಪ್ರತಿಯೊಂದಕ್ಕೂ ಕಾರಣ ಬರೆದಿದ್ದರು, ಮನಸ್ಸಿಗೆ ಹಿಡಿಸಿತು. ಇನ್ನೊಂದು ಕಡೆ ನನ್ನ ಗೆಳೆಯರಿದ್ದ ದೊಡ್ಡ ಸರ್ವರ್ ಅನ್ನೇ ಬ್ಲಾಕ್ ಮಾಡಿದ್ದರು. ಅಲ್ಲಿ ಸೇರಿದ್ದರೆ ಗೆಳೆಯರು ನನ್ನ ಕಣ್ಣಿಗೇ ಬೀಳುತ್ತಿರಲಿಲ್ಲ, ನಾನು ಯಾಕೆ ಅಂತ ತಲೆ ಕೆರೆದುಕೊಳ್ಳುತ್ತಿದ್ದೆ.

ಆಮೇಲೆ ಖಾತೆ ತೆರೆಯದೇ ಒಂದು ವಾರ, ಕಾರಣ ಬರೆದಿದ್ದವರ ಲೋಕಲ್ ಟೈಮ್‌ಲೈನ್, ಅಂದರೆ ಆ ಸರ್ವರ್‌ನವರ ಪೋಸ್ಟ್‌ಗಳಷ್ಟೇ ಕಾಣುವ ಪುಟ, ಓದಿದೆ (ಕೆಲವರು ಇದನ್ನು ಹೊರಗಿನವರಿಗೆ ಮುಚ್ಚಿಟ್ಟಿರುತ್ತಾರೆ). ಜಗಳ ಬಂದಾಗ ಅಡ್ಮಿನ್ ಹೇಗೆ ಮಾತಾಡುತ್ತಾರೆ ಅನ್ನುವುದು ನಿಯಮಗಳಲ್ಲಿ ಕಾಣುವುದಿಲ್ಲ, ಅಲ್ಲಿ ಕಾಣುತ್ತದೆ.

ಕನ್ನಡದ್ದೇ ಸರ್ವರ್ ಬೇಕಾ ಅಂತ ಯೋಚನೆ ಬಂತು. ಬೇಕಾಗಲಿಲ್ಲ. ಎಲ್ಲಿದ್ದರೂ ಕನ್ನಡದವರನ್ನು ಫಾಲೋ ಮಾಡಬಹುದು, ಪೋಸ್ಟ್ ಹಾಕುವಾಗ ಭಾಷೆ ‘ಕನ್ನಡ’ ಅಂತ ಆರಿಸಿದರೆ ಸಾಕು. ನಾನು ತಿಂಗಳುಗಟ್ಟಲೆ ಅದು ಇಂಗ್ಲಿಷ್‌ನಲ್ಲಿರುವುದನ್ನೇ ಗಮನಿಸಿರಲಿಲ್ಲ.

ಹಳೇ ಪೋಸ್ಟ್‌ಗಳು ಹೋದವು. ಸರ್ವರ್ ಬದುಕಿದ್ದರೂ ಅವು ಹೊಸ ಖಾತೆಗೆ ಬರುತ್ತಿರಲಿಲ್ಲ ಬಿಡಿ.

ಮೊನ್ನೆ ಹೊಸ ಸರ್ವರ್ ಕೂಡ ಅರ್ಧ ಗಂಟೆ ತೆರೆಯಲಿಲ್ಲ. ಎದೆ ಧಸಕ್ ಅಂತು. ಡೇಟಾಬೇಸ್ ಕೆಲಸ ಇದೆ ಅಂತ ಅಡ್ಮಿನ್ ಹಿಂದಿನ ದಿನವೇ ಹಾಕಿದ್ದರಂತೆ, ನಾನೇ ನೋಡಿರಲಿಲ್ಲ. ಅದು ತೆರೆದುಕೊಂಡ ಕೂಡಲೇ ಮಾಡಿದ ಮೊದಲ ಕೆಲಸ, ಫಾಲೋ ಪಟ್ಟಿ ಇಳಿಸಿಕೊಂಡಿದ್ದು.