ಚಂದ್ರನ ಮಣ್ಣು ಅಗೆದು ತಂದ್ರೆ ಯಾರ್ದು? ಪೇಪರ್ ಚೆಕ್ ಮಾಡೋದು ಹಿಂಗೆ

ಹೋದ ತಿಂಗಳು ನಮ್ಮ ಭಾಮೈದ ಒಂದು ಲ್ಯಾಮಿನೇಟ್ ಮಾಡ್ಸಿರೋ ಸರ್ಟಿಫಿಕೇಟ್ ಹಿಡ್ಕೊಂಡು ಮನೆಗೆ ಬಂದ. ಚಂದ್ರನ ಮೇಲೆ ಒಂದು ಎಕರೆ ಜಮೀನು, ಮದುವೆಗೆ ಫ್ರೆಂಡ್ಸ್ ಕೊಟ್ಟಿದ್ದಂತೆ. ಬಂಗಾರದ ಬಣ್ಣದ ಸೀಲು, ಅಕ್ಷಾಂಶ ರೇಖಾಂಶ, ಕೆಳಗೆ ಯಾರದೋ ಸೊಟ್ಟ ಸೈನು. "ಭಾವ, ಇದಕ್ಕೆ ಇಸಿ ತೆಗಿಸ್ಬೋದಾ?" ಅಂತ ನಗ್ತಾ ಕೇಳ್ದ, ಆಮೇಲೆ "ಜಾಗ ಹಾಳಾಗ್ಲಿ ಬಿಡಿ, ನಾಳೆ ಯಾವ್ದೋ ಕಂಪ್ನಿ ಅಲ್ಲಿಂದ ಮಣ್ಣು ಅಗೆದು ತಂದ್ರೆ ಅದು ಯಾರ್ದು?" ಅಂದ. ನಾನು ದಿನಾ ಸೈಟು ಜಮೀನು ಪೇಪರ್ ನೋಡೋ ಕೆಲಸದೋನು, ಕೂತು ಓದ್ತಾ ಹೋದ್ರೆ ಇದನ್ನೂ ಅದೇ ಥರ ನೋಡ್ಬೋದು ಅನ್ನಿಸ್ತು, ಅದಕ್ಕೆ ನಾನು ನೋಡೋ ಕ್ರಮದಲ್ಲೇ ಬರೀತಿದೀನಿ.

ಮೊದ್ಲು ಮೂಲಪತ್ರ. ಇಲ್ಲಿ ಮೂಲಪತ್ರ ಅಂದ್ರೆ 1967ರ ಬಾಹ್ಯಾಕಾಶ ಒಪ್ಪಂದ, ಭಾರತ, ಅಮೆರಿಕ, ರಷ್ಯಾ, ಚೀನಾ ಎಲ್ರೂ ಇದರಲ್ಲಿದಾರೆ. ಎರಡನೇ ಕಲಮು ಒಂದೇ ವಾಕ್ಯ: ಚಂದ್ರ ಆಗ್ಲಿ ಬೇರೆ ಯಾವ ಆಕಾಶಕಾಯ ಆಗ್ಲಿ, ನಂದು ಅಂತ ಸಾರ್ವಭೌಮತ್ವ ಹೇಳ್ಕೊಂಡು, ಬಳಸ್ಕೊಂಡು, ಅಲ್ಲೇ ತಳ ಊರಿ, ಇನ್ಯಾವ ದಾರೀಲೂ ಯಾವ ದೇಶನೂ ತನ್ನದು ಮಾಡ್ಕೊಳೋ ಹಂಗಿಲ್ಲ. ಸರ್ಟಿಫಿಕೇಟ್ ಮಾರೋರು ಇಲ್ಲೇ ಒಂದು ಸಂದಿ ಹುಡುಕ್ತಾರೆ, 'ದೇಶ ಅಂತ ಇದೆ, ವ್ಯಕ್ತಿ ಅಂತ ಎಲ್ಲಿದೆ ಸ್ವಾಮಿ' ಅಂತ. 1980ರಿಂದ ಅಮೆರಿಕದಲ್ಲಿ ಈ ವ್ಯಾಪಾರ ನಡೀತಿರೋದೇ ಈ ಮಾತಿನ ಮೇಲೆ. ಆದ್ರೆ ಆರನೇ ಕಲಮು ಓದಿ: ಖಾಸಗಿಯವರು ಅಲ್ಲಿ ಏನೇ ಮಾಡಿದ್ರೂ ಅವರ ದೇಶ ಪರ್ಮಿಷನ್ ಕೊಡ್ಬೇಕು, ಮೇಲೆ ಕಣ್ಣಿಟ್ಟಿರ್ಬೇಕು, ಹೊಣೆನೂ ದೇಶದ್ದೇ. ಜಮೀನಿನ ಹಕ್ಕು ಯಾವ್ದೋ ಒಂದು ಸರ್ಕಾರದಿಂದ ತಾನೇ ಬರ್ಬೇಕು, ಆ ಸರ್ಕಾರಕ್ಕೇ ಹಕ್ಕಿಲ್ಲ ಅಂದ್ಮೇಲೆ ನಮ್ಮ ಭಾಮೈದನಿಗೆ ಯಾರು ಖಾತೆ ಮಾಡ್ಕೊಡ್ತಾರೆ?

ಇದನ್ನ ಕೋರ್ಟ್‌ಗೇ ಒಯ್ದೋನೂ ಇದಾನೆ. ಅಮೆರಿಕದ ಒಬ್ಬ ಈರೋಸ್ ಅನ್ನೋ ಕ್ಷುದ್ರಗ್ರಹ ನಂದು ಅಂತ ವೆಬ್‌ಸೈಟಲ್ಲಿ ರಿಜಿಸ್ಟರ್ ಮಾಡ್ಕೊಂಡಿದ್ದ, 2001ರ ಫೆಬ್ರವರೀಲಿ ನಾಸಾದ ನಿಯರ್ ಶೂಮೇಕರ್ ನೌಕೆ ಅದರ ಮೇಲೆ ಇಳಿದಾಗ ನಾಸಾಗೆ 20 ಡಾಲರ್ ಪಾರ್ಕಿಂಗ್ ಬಿಲ್ ಕಳಿಸ್ದ! ನಾಸಾ ಕೊಡಲ್ಲ ಅಂತು, ಕೇಸ್ ಹಾಕ್ದ, 2004ರಲ್ಲಿ ವಜಾ ಆಯ್ತು, ಅಪೀಲೂ ಹೋಯ್ತು. ಆದ್ರಿಂದ ಚೆಕ್ಕುಬಂದಿ ಬರೆದಿರೋ ಯಾವ ಚಂದ್ರನ ಪೇಪರ್ ಬಂದ್ರೂ ಮುಂದೆ ಓದೋದೇ ಬೇಡ, ಪಕ್ಕಕ್ಕಿಡಿ.

ಎರಡನೇದು, ನೆಲ ಬೇರೆ, ನೆಲದಿಂದ ಕಿತ್ತ ಮಾಲು ಬೇರೆ. ಗಲಾಟೆ ಎಲ್ಲಾ ಇರೋದು ಇಲ್ಲಿ, ಯಾಕಂದ್ರೆ ಅಗೆದು ತೆಗೆದಿದ್ದು ಯಾರಿಗೆ ಸೇರ್ಬೇಕು ಅಂತ 1967ರ ಒಪ್ಪಂದ ಬಾಯೇ ಬಿಡಲ್ಲ. ಒಂದು ಕಡೆಯವ್ರ ವಾದ ಮೀನಿಂದು: ನಡುಸಮುದ್ರ ಯಾರ್ದೂ ಅಲ್ಲ, ಆದ್ರೆ ಬಲೆಗೆ ಬಿದ್ದ ಮೀನು ಹಿಡಿದೋನ್ದು. ಇನ್ನೊಂದು ಕಡೆಯವ್ರು ಅದೇ ಸಮುದ್ರದ ತಳ ತೋರಿಸ್ತಾರೆ, ಅಲ್ಲಿರೋ ಖನಿಜ ಇಡೀ ಮಾನವಕುಲದ ಆಸ್ತಿ, ಅದಕ್ಕೇ ಅಂತ ಒಂದು ಅಂತರರಾಷ್ಟ್ರೀಯ ಪ್ರಾಧಿಕಾರ ಇದೆ, ಅದನ್ನ ಕೇಳದೆ ಅಗೆಯೋ ಹಂಗಿಲ್ಲ. 1979ರ ಚಂದ್ರ ಒಪ್ಪಂದ ಈ ಎರಡನೇ ದಾರಿ ಹಿಡೀತು. ಆದ್ರೆ ರಾಕೆಟ್ ಇರೋ ದೊಡ್ಡೋರು ಅಮೆರಿಕ, ರಷ್ಯಾ, ಚೀನಾ ಯಾರೂ ಸೇರ್ಲಿಲ್ಲ, ಸೇರಿದ್ದ ಸೌದಿ ಅರೇಬಿಯಾನೂ ಆಮೇಲೆ ಹೊರಗೆ ಬಂತು. ನಾವು 1982ರಲ್ಲಿ ಸೈನ್ ಮಾಡಿದ್ವಿ, ಅನುಮೋದನೆ ಮಾತ್ರ ಮಾಡ್ಲಿಲ್ಲ, ಅಂದ್ರೆ ಅಗ್ರಿಮೆಂಟ್ ಆಯ್ತು ರಿಜಿಸ್ಟ್ರೇಷನ್ ಆಗ್ಲಿಲ್ಲ.

ಕಿತ್ತ ಮಾಲು ಕೈ ಬದಲಾಗಿರೋದಂತೂ ನಿಜ. 1970ರಲ್ಲಿ ಸೋವಿಯತ್‌ನ ಲೂನಾ 16 ತಂದ ಮಣ್ಣಿನ 3 ಚೂರು, ನೋಡಿದ್ರೆ ಸಾಸಿವೆ ಕಾಳಿಗಿಂತ ದೊಡ್ಡದೇನಲ್ಲ, ಅದು 1993ರಲ್ಲಿ ಹರಾಜಾಯ್ತು, 2018ರಲ್ಲಿ ಮತ್ತೆ ಹರಾಜಿಗೆ ಬಂದಾಗ 8 ಲಕ್ಷ 55 ಸಾವಿರ ಡಾಲರಿಗೆ ಹೋಯ್ತು. ಅಪೊಲೊದೋರು ತಂದ 382 ಕೆಜಿ ಕಲ್ಲು ಮಣ್ಣು ಮಾತ್ರ ಅಮೆರಿಕ ಸರ್ಕಾರದ್ದು, ಅದರಲ್ಲಿ ಚೂರು ಮಾರ್ತೀನಿ ಅಂತ ಯಾರಾದ್ರೂ ಬಂದ್ರೆ ದೂರ ಇರಿ.

ಮೂರನೇದು, ಯಾವ ದೇಶದ ಕಾನೂನು ಕೆಳಗೆ ಅಗೆದಿದ್ದು ಅಂತ ಕೇಳಿ. ಮರಳು ಲಾರಿ ತಡೆದ್ರೆ ಮೊದ್ಲು ಪರ್ಮಿಟ್ ಕೇಳಲ್ವಾ, ಹಂಗೆ. ಅಮೆರಿಕ 2015ರಲ್ಲಿ ಮಾಡಿದ ಕಾನೂನು ತನ್ನ ಪ್ರಜೆಗಳಿಗೆ ಇಟ್ಕೊಳೋ, ಸಾಗಿಸೋ, ಬಳಸೋ, ಮಾರೋ ಹಕ್ಕು ಕೊಡ್ತು, ಆದ್ರೆ ಪದ ನೋಡಿ, 'ಪಡೆದ' ಸಂಪನ್ಮೂಲ ಅಂತಿದೆ, ಅಂದ್ರೆ ಕೈಗೆ ಬಂದಿದ್ದು ಮಾತ್ರ, ನೆಲದೊಳಗೆ ಮಲಗಿರೋ ಅದಿರಿಗೆ ಬೇಲಿ ಹಾಕಕ್ಕಾಗಲ್ಲ. ಜೀವ ಇಲ್ಲದ ವಸ್ತು ಅಂತಾನೂ ಇದೆ, ನೀರು ಖನಿಜ ಸರಿ, ಅಪ್ಪಿತಪ್ಪಿ ಪಾಚಿ ಸಿಕ್ರೆ ಆ ಹಕ್ಕಿಲ್ಲ. ಲಕ್ಸೆಂಬರ್ಗ್ 2017ರಲ್ಲಿ ಮಾಡ್ತು, ಆಮೇಲೆ ಯುಎಇ, 2021ರಲ್ಲಿ ಜಪಾನ್. ಜಪಾನಿನದು ನನಗೆ ಇಷ್ಟ ಆಯ್ತು, ಎಲ್ಲಿ ಹೆಂಗೆ ಅಗೀತೀನಿ ಅಂತ ಪ್ಲಾನ್ ಕೊಟ್ಟು ಒಪ್ಪಿಗೆ ತಗೊಂಡು, ಅದೇ ಪ್ಲಾನ್ ಪ್ರಕಾರ ತೆಗೆದ್ರೆ ಮಾತ್ರ ನಿಂದು.

ನಮ್ಮ ದೇಶದ್ದು ಸ್ವಲ್ಪ ನಿಧಾನಕ್ಕೆ ಓದಿ. ಭಾರತೀಯ ಬಾಹ್ಯಾಕಾಶ ನೀತಿ 2023 ಖಾಸಗಿಯವ್ರಿಗೆ ಹೆಚ್ಚುಕಮ್ಮಿ ಅಮೆರಿಕದ ಮಾತಲ್ಲೇ ಹಕ್ಕು ಹೇಳುತ್ತೆ, ಪರ್ಮಿಷನ್ ಕೊಡೋದು ಅಹಮದಾಬಾದಿನ ಇನ್‌ಸ್ಪೇಸ್ ಅನ್ನೋ ಕೇಂದ್ರ ಸರ್ಕಾರದ ಸಂಸ್ಥೆ. ಆದ್ರೆ ಅದು ನೀತಿ, ಪಾರ್ಲಿಮೆಂಟ್ ಪಾಸ್ ಮಾಡಿದ ಕಾಯ್ದೆ ಅಲ್ಲ, ಎದುರು ಪಾರ್ಟಿ ಕೋರ್ಟಿಗೆ ಹೋದ್ರೆ ಈ ವ್ಯತ್ಯಾಸ ಕೈ ಸುಡುತ್ತೆ. 2023ರ ಜೂನಲ್ಲಿ ಭಾರತ, ಚಂದ್ರನ ಮೇಲೆ ಹೆಂಗೆ ನಡ್ಕೋಬೇಕು ಅಂತ ಅಮೆರಿಕ ಮುಂದೆ ನಿಂತು ಮಾಡಿದ ಆರ್ಟೆಮಿಸ್ ಒಪ್ಪಂದಕ್ಕೂ ಸೈನ್ ಹಾಕ್ತು, ಅದರ ಹತ್ತನೇ ಭಾಗ 'ಅಗೆದು ತೆಗೆದ ಮಾತ್ರಕ್ಕೆ ನೆಲ ಕಬಳಿಸಿದ ಹಂಗಲ್ಲ' ಅನ್ನುತ್ತೆ. ಅದೂ ರಾಜಕೀಯ ಮಾತು ಅಷ್ಟೇ, ಕಾನೂನಿನ ಕಟ್ಟುಪಾಡಿಲ್ಲ, ಚೀನಾ ರಷ್ಯಾ ಅದರಲ್ಲಿಲ್ಲ. ಬೆಂಗಳೂರಲ್ಲಿ ಸ್ಟಾರ್ಟಪ್ ಮಾಡ್ಕೊಂಡಿರೋರು ಹೂಡಿಕೆದಾರರಿಗೆ ತೋರ್ಸೋ ಸ್ಲೈಡಲ್ಲಿ 'ಮಾಲೀಕತ್ವಕ್ಕೆ ಕಾನೂನು ಇದೆ' ಅಂತ ಬರೀಬೇಡಿ, 'ನೀತಿ ಇದೆ' ಅಂತ ಬರೀರಿ.

ನಾಲ್ಕನೇದು, ಮಷೀನು ಯಾರ್ದು, ಅದರ ಕೆಳಗಿನ ನೆಲ ಯಾರ್ದು ಅಂತ ಬೆರೆಸ್ಬೇಡಿ. ನೌಕೆ ಅಲ್ಲೇ ಬಿದ್ದಿದ್ರೂ ಅದರ ಒಡೆತನ ಹೋಗಲ್ಲ, 1967ರ ಒಪ್ಪಂದದ ಎಂಟನೇ ಕಲಮು. ಚಂದ್ರಯಾನ 3ರ ವಿಕ್ರಮ್ ಲ್ಯಾಂಡರ್ ನಮ್ದು, ಅದು ಕೂತಿರೋ ಜಾಗ ನಮ್ದಲ್ಲ, ಶಿವಶಕ್ತಿ ಅಂತ ಹೆಸರಿಟ್ರೂ ಅಷ್ಟೇ.

ಕೊನೇದಾಗಿ ಕ್ರಯಪತ್ರ, ಇದಕ್ಕೊಂದು ಚೆಂದದ ಸ್ಯಾಂಪಲ್ ಇದೆ. 2020ರಲ್ಲಿ ನಾಸಾ ಚಂದ್ರನ ಮಣ್ಣು ಕೊಂಡ್ಕೊತೀವಿ ಅಂತ 4 ಕಾಂಟ್ರ್ಯಾಕ್ಟ್ ಕೊಡ್ತು. ಭೂಮಿಗೆ ತರೋದೇ ಬೇಡ, 50ರಿಂದ 500 ಗ್ರಾಂ ಬಾಚಿ, ಫೋಟೋ ಮತ್ತು ಎಲ್ಲಿ ಬಾಚಿದ್ದು ಅನ್ನೋ ವಿವರ ಕಳಿಸಿ, ಅಲ್ಲೇ ನಾಸಾ ಹೆಸರಿಗೆ ಮಾಡಿದ್ರೆ ಮುಗೀತು. ನಾಸಾಗೆ ಬೇಕಿದ್ದದ್ದು ಮಣ್ಣಲ್ಲ, ಖಾಸಗಿಯವ್ನು ಮಾರ್ದ ನಾನು ಕೊಂಡೆ ಅನ್ನೋ ಒಂದು ದಾಖಲೆ. ಲೂನಾರ್ ಔಟ್‌ಪೋಸ್ಟ್ ಅನ್ನೋ ಕಂಪ್ನಿ ಕೇಳಿದ ರೇಟು 1 ಡಾಲರ್, ಅಡ್ವಾನ್ಸ್ ನೂರಕ್ಕೆ 10, ಹಂಗಾಗಿ ಸಿಕ್ಕಿದ್ದು 10 ಸೆಂಟ್. ಆಮೇಲೆ ನೋಡಿ ಗ್ರಹಚಾರ: ಆ ಕಂಪ್ನಿ ರೋವರ್ ಹೊತ್ತಿದ್ದ ಲ್ಯಾಂಡರ್ 2025ರ ಮಾರ್ಚಲ್ಲಿ ಪಕ್ಕಕ್ಕೆ ಮಗುಚಿ ರೋವರ್ ಹೊರಗೇ ಬರ್ಲಿಲ್ಲ, ಕಾಂಟ್ರ್ಯಾಕ್ಟ್ ತಗೊಂಡಿದ್ದ ಇನ್ನೊಂದು ಕಂಪ್ನಿ ಮಾಸ್ಟನ್ 2022ರಲ್ಲಿ ದಿವಾಳಿ, ಮತ್ತೊಂದು ಕಂಪ್ನಿ ಜಪಾನಿನ ಐಸ್ಪೇಸ್‌ನ ಲ್ಯಾಂಡರ್ 2023ರಲ್ಲೂ ಅಪ್ಪಳಿಸ್ತು 2025ರಲ್ಲೂ ಅಪ್ಪಳಿಸ್ತು. ಅದಕ್ಕೆ ಯಾರಾದ್ರೂ ಚಂದ್ರನ ಮಾಲು ಮಾರ್ತೀನಿ ಅಂದ್ರೆ ಮಾಲು ಆಗ್ಲೇ ಬಾಚಿ ಆಗಿದ್ಯಾ, ಬಾಚಿದ್ದಕ್ಕೆ ಫೋಟೋ ಎಲ್ಲಿ, ಯಾವ ದೇಶದ ಲೈಸೆನ್ಸು, ಸಿಗದೇ ಇದ್ರೆ ಅಡ್ವಾನ್ಸ್ ವಾಪಸ್ಸಾ, ಈ ನಾಲ್ಕು ಕೇಳ್ದೆ ದುಡ್ಡು ಬಿಚ್ಬೇಡಿ.

ಭಾಮೈದನಿಗೆ ಇಷ್ಟೂ ಹೇಳಿದ್ಮೇಲೆ "ಹಂಗಾದ್ರೆ ನನ್ನ ಒಂದೆಕರೇಲಿ ಯಾರಾದ್ರೂ ಬಂದು ಅಗೆದ್ರೆ ಕೇಳೋ ಹಂಗೂ ಇಲ್ವಾ ಭಾವ" ಅಂದ. ಇಲ್ಲ ಕಣೋ ಅಂದೆ. ಲ್ಯಾಮಿನೇಷನ್ನಿಗೆ 60 ರೂಪಾಯಿ ಕೊಟ್ಟಿದ್ದನಂತೆ, ಅದಕ್ಕೇ ಜಾಸ್ತಿ ಬೇಜಾರು ಮಾಡ್ಕೊಂಡ.